ಅಳಿಸಬೇಡಿ

ಮನುಷ್ಯ ಸಂಗೀತ ರಸಿಕನಾಗುವುದಕ್ಕೆ ಮೂರು ದಾರಿಗಳಿವೆ. ಒಂದು, ಹುಟ್ಟಿನಿಂದಲೇ ಕಿವಿ ಚೆನ್ನಾಗಿರಬೇಕು. ಎರಡು, ಯಾರಾದರೂ ಆ ಕಿವಿಯನ್ನು ಹಿಂಡಿ ಕಲಿಸಬೇಕು. ಈ ಎರಡೂ ಭಾಗ್ಯವಿಲ್ಲದವನಿಗೆ ಮೂರನೆಯದೊಂದು ಉಳಿಯುತ್ತದೆ. ಅವನ ಹೆಂಡತಿಯ ಧ್ವನಿ ಅಕಸ್ಮಾತ್ತಾಗಿ ಒಂದು ಪ್ರಸಿದ್ಧ ರೆಕಾರ್ಡಿನೊಳಗೆ ಬಿದ್ದುಬಿಡಬೇಕು. ನಮ್ಮ ರಸಿಕರು ರಸಿಕರಾದದ್ದು ಈ ಮೂರನೆಯ ದಾರಿಯಲ್ಲಿ.

"ರಸಿಕರು" ಎಂಬುದು ಬೀದಿಯವರು ನಗಾಡುವುದಕ್ಕೆ ಇಟ್ಟ ಹೆಸರು. ಅವರು ಅದನ್ನು ಬಿರುದೆಂದು ತಿಳಿದು ಸ್ವೀಕರಿಸಿದ್ದರು. ಉದ್ಯೋಗ ತೂಕ ಮತ್ತು ಅಳತೆಯ ಇಲಾಖೆಯಲ್ಲಿ. ಅಂಗಡಿಯವರ ತಕ್ಕಡಿ ಸರಿಯಾಗಿದೆಯೇ ಎಂದು ನೋಡಿ ಮುದ್ರೆ ಒತ್ತುವುದು ಕೆಲಸ. ಮುದ್ರೆ ಒತ್ತಿ ಒತ್ತಿ, ಪ್ರಪಂಚದ ಯಾವುದಕ್ಕೆ ಎಷ್ಟು ತೂಕವೆಂದು ತಮಗೆ ಗೊತ್ತು ಎಂಬ ನಂಬಿಕೆ ಬೆಳೆದಿತ್ತು. ನಿವೃತ್ತಿಯಾದರೂ ಅದು ಇಳಿದಿರಲಿಲ್ಲ. ಇನ್ನೊಂದು ಗುಣವೂ ಇತ್ತು. ಕೂತಲ್ಲಿ ಕಣ್ಣು ಮುಚ್ಚುವುದು. ಆಫೀಸಿನಲ್ಲಿ, ಬಸ್ಸಿನಲ್ಲಿ, ಹಜಾಮನ ಕುರ್ಚಿಯಲ್ಲಿ, ಎಲ್ಲಿ ಬೆನ್ನಿಗೆ ಒಂದು ಆಸರೆ ಸಿಕ್ಕಿದರೂ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಕೇಳಿದರೆ, "ನಿದ್ದೆ ಅಲ್ರೀ. ಸಂಗೀತ ಕೇಳೋರಿಗೆ ಕಣ್ಣು ಮುಚ್ಚೋ ಅಭ್ಯಾಸ ಆಗಿಬಿಡುತ್ತೆ," ಎನ್ನುತ್ತಿದ್ದರು.

ಆ ರೆಕಾರ್ಡಿನ ಕಥೆ ಇಷ್ಟು. ಮದುವೆಯಾದ ಹೊಸತರಲ್ಲಿ, ಊರಾಚೆಯ ಹಳೆಯ ಧಾನ್ಯದ ಗೋದಾಮೊಂದನ್ನು ಸಭಾಂಗಣ ಮಾಡಿದ್ದರು. ಅಲ್ಲಿನ ದೊಡ್ಡ ತಕ್ಕಡಿಗೆ ಹಿಂದೆ ಮುದ್ರೆ ಒತ್ತಿದ್ದ ಉಪಕಾರಕ್ಕೆ ರಸಿಕರಿಗೆ ಎರಡು ಪುಕ್ಕಟೆ ಟಿಕೆಟ್ ಬಂದವು. ಪುಕ್ಕಟೆ ಬಂದದ್ದನ್ನು ಬಿಡುವ ಜಾಯಮಾನ ಅವರದಲ್ಲ. ದಿನವಿಡೀ ಮಾರುಕಟ್ಟೆಯಲ್ಲಿ ತೂಕದ ಕಲ್ಲು ಎತ್ತಿ ಇಳಿಸಿ ದಣಿದಿದ್ದರೂ ಹೆಂಡತಿಯನ್ನು ಕರೆದುಕೊಂಡು ಹೊರಟರು. ಅಂದು ನುಡಿಸಿದ್ದು ಒಂದು ಬ್ಲೂಸ್ ರಾಕ್ ತಂಡ. ಹಾಗೆಂದರೇನು ಎಂದು ಕೇಳಿದವರಿಗೆ ರಸಿಕರು ಮುಂದೆ ಒಂದು ವ್ಯಾಖ್ಯಾನ ಕೊಡುತ್ತಿದ್ದರು: "ದುಃಖಕ್ಕೆ ಕರೆಂಟು ಕೊಟ್ರೆ ಅದೇ ಬ್ಲೂಸ್ ರಾಕ್." ಅಂದಿನ ಕಾರ್ಯಕ್ರಮವೇ "ಗೋದಾಮು" ಎಂಬ ಹೆಸರಿನಲ್ಲಿ ರೆಕಾರ್ಡಾಗಿ ಬಂತು, ಜನ ಮುಗಿಬಿದ್ದು ಕೊಂಡರು. ತಂಡದವರು ಒಬ್ಬೊಬ್ಬರಾಗಿ ಕುಡಿದೋ ಕಾರು ಗುದ್ದಿಸಿಯೋ ತೀರಿಕೊಂಡ ಮೇಲಂತೂ ಅದು ಮೇರುಕೃತಿಯೇ ಆಯಿತು. ಕಲೆಗೆ ಸಾವಿನಷ್ಟು ಒಳ್ಳೆಯ ಜಾಹೀರಾತು ಬೇರೆ ಇಲ್ಲ.

ಅದರ ಎರಡನೇ ಬದಿಯಲ್ಲಿ ಒಂದು ನಿಧಾನದ ಹಾಡಿದೆ. ಗಿಟಾರಿನವನು ಒಬ್ಬನೇ ಸ್ವಲ್ಪ ಹೊತ್ತು ನುಡಿಸಿ, ಬೇಕೆಂದೇ ನಿಲ್ಲಿಸುತ್ತಾನೆ. ಸಭೆಯೆಲ್ಲ ಉಸಿರು ಬಿಗಿಹಿಡಿದ ಆ ಮೌನದಲ್ಲಿ, ತಳದಿಂದ ಎಲ್ಲಿಂದಲೋ ಗುರ್ ಗುರ್ ಎಂಬ ಒಂದು ಮಂದ್ರದ ಸದ್ದು. ಅದರ ಮೇಲೆ, ಕೊಂಚ ದೂರದಿಂದ, ಒಬ್ಬ ಹೆಂಗಸಿನ ಪಿಸುದನಿ. "ಏಳ್ರೀ..." ಆಮೇಲೆ ಸರಬರ ಸದ್ದಿನಲ್ಲಿ ಏನೋ ಮುಳುಗಿ, "ಹೋಗ್..." ಎಂಬಲ್ಲಿಗೆ ಡ್ರಮ್ಮು ಬೀಳುತ್ತದೆ.

ರೆಕಾರ್ಡಿನ ಅಂಗಡಿಯ ಮುಂದೆ ನಿಂತು ಇದನ್ನು ಮೊದಲ ಸಲ ಕೇಳಿದಾಗ ರಸಿಕರು, "ಅದು ನನ್ನ ಹೆಂಡ್ತಿ!" ಎಂದು ಕೂಗಿದ ಕೂಗಿಗೆ ಅಂಗಡಿಯವನು ಗಲ್ಲಾಪೆಟ್ಟಿಗೆ ಮುಚ್ಚಿದನಂತೆ. ಅಂದಿನಿಂದ ಮನೆಗೆ ಬಂದ ಯಾವ ಪ್ರಾಣಿಯೂ ಅದನ್ನು ಕೇಳದೆ ಹೊರಗೆ ಹೋದದ್ದಿಲ್ಲ. ರಸಿಕರು ಪ್ಲೇಟು ಹಾಕುವರು, ಮೌನ ಬರುವವರೆಗೆ ಬೆರಳೆತ್ತಿ ಕಾಯುವರು. ಗುರ್ ಗುರ್ ಬಂದಾಗ, "ಗಮನಿಸಿ, ಇದು ಬೇಸ್ ಗಿಟಾರಿನ ಆತ್ಮ," ಎನ್ನುವರು. "ಏಳ್ರೀ... ಹೋಗ್..." ಎಂದದ್ದೇ ತಡ, ಥಟ್ಟನೆ ಮುಳ್ಳು ಎತ್ತಿ ವಿವರಣೆ ಶುರು ಮಾಡುವರು.

"ಕೇಳಿದ್ರಾ? 'ಏಳ್ರೀ, ಹೋಗೋಣ' ಅಂತಾಳೆ! ಇಡೀ ದೇಶ ಕಿವಿಗೊಟ್ಟು ಕೂತಿರೋವಾಗ ಇವಳಿಗೆ ಮನೆ ಚಿಂತೆ! ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತಾರಲ್ಲ, ಆ ಕೋಣ ನಮ್ಮನೇಲೇ ಇದೆ ಸ್ವಾಮೀ!"

ಬಂದವರು ನಗುತ್ತಿದ್ದರು. ಆಕೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಿದ್ದರು. ಬೀದಿಯ ಅರ್ಧ ಜನರ ರವಿಕೆ, ಅಂಗಿ ಹೊಲಿಯುತ್ತಿದ್ದವರು ಅವರೇ. ಮೊದಮೊದಲು ತಲೆಯೆತ್ತಿ, "ನಾನು ಹಾಗೆ ಹೇಳ್ಲಿಲ್ಲ," ಎನ್ನುತ್ತಿದ್ದರು.

"ಮತ್ತೇನು ಹೇಳ್ದೆ? ಹೇಳು, ಇವರೂ ಕೇಳ್ಲಿ!"

ಆಕೆ ಬಂದವರ ಮುಖ ನೋಡುವರು, ಗಂಡನ ಮುಖ ನೋಡುವರು. ಆಮೇಲೆ ದಾರ ಕಚ್ಚಿ ತುಂಡರಿಸಿ, "ಮರೆತುಹೋಯ್ತು," ಎಂದು ಯಂತ್ರ ತುಳಿಯುವರು. ವರ್ಷಗಳು ಕಳೆದಂತೆ ಅಷ್ಟನ್ನೂ ಹೇಳುವುದು ಬಿಟ್ಟರು. ನೆಂಟರಲ್ಲಿ ಅವರಿಗೆ "ಹೋಗೋಣಮ್ಮ" ಎಂದೇ ಹೆಸರು ನಿಂತಿತು. ಹೊಲಿಯುವಾಗ ಒಂದು ರಾಗ ಗುನುಗುವ ಅಭ್ಯಾಸ ಆಕೆಗೆ. ಮೆಟ್ಟಿಲು ಹತ್ತಿ, ಮೇಲಿನ ಮೆಟ್ಟಿಲಲ್ಲಿ ನಿಂತು, ಏನೋ ಮರೆತವರ ಹಾಗೆ ಮತ್ತೆ ಕೆಳಗಿಳಿದು ಬರುವಂಥ ರಾಗ. ಅದಕ್ಕೂ ರಸಿಕರು ಗದರುತ್ತಿದ್ದರು. "ಸಂಗೀತ ಗೊತ್ತಿಲ್ಲದೋರು ಗುನುಗಬಾರದು. ಕಿವಿ ಕೆಡುತ್ತೆ." ಒಂದು ವಿಚಾರ ಮಾತ್ರ ಅವರಿಗೆ ಅರ್ಥವಾಗಿರಲಿಲ್ಲ. ತಾವು ಮುಳ್ಳು ಎತ್ತುವ ಜಾಗದಿಂದ ಆಚೆಗೆ, ಎಂದೂ ನುಡಿಸದ ಕಡೆಯೇ, ಆ ರೆಕಾರ್ಡು ಹೆಚ್ಚು ಸವೆದು ಬೂದಿ ಬಣ್ಣಕ್ಕೆ ತಿರುಗಿತ್ತು. ಕಳಪೆ ಮಾಲು ಎಂದು ಇಲಾಖೆಯ ಧಾಟಿಯಲ್ಲಿ ತೀರ್ಮಾನಿಸಿದ್ದರು.

ಹೋದ ವರ್ಷ ಆಕೆ ಹೋಗಿಯೇಬಿಟ್ಟರು. ಹೊಟ್ಟೆನೋವೆಂದು ಆಸ್ಪತ್ರೆಗೆ ನಡೆದುಕೊಂಡು ಹೋದವರನ್ನು ಹೊತ್ತುಕೊಂಡು ಬರುವಂತಾಯಿತು. ಕೊನೆಯ ಗಳಿಗೆಯಲ್ಲಿ ರಸಿಕರು ಮಂಚದ ಪಕ್ಕದ ಬೆಂಚಿನ ಮೇಲೆ, ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೂತಿದ್ದರು. ನರ್ಸು ಭುಜ ಅಲುಗಿಸಿ, "ಏಳಿ ಸಾರ್," ಎಂದಾಗ ಎಲ್ಲ ಮುಗಿದಿತ್ತು. ಕಣ್ಣು ಮುಚ್ಚಿ ದೇವರನ್ನು ಬೇಡುತ್ತಿದ್ದೆ ಎಂದು ಎಲ್ಲರಿಗೂ ಹೇಳಿದರು. ಯಾರೂ ಎದುರಾಡಲಿಲ್ಲ. ಸಾವಿನ ಮನೆಯಲ್ಲೂ ನೆಂಟನೊಬ್ಬ ಇನ್ನೊಬ್ಬನ ಕಿವಿಯಲ್ಲಿ, "ಕೊನೆಗೆ ಹೋಗೋಣಮ್ಮ ಒಬ್ಬರೇ ಎದ್ದು ಹೋದ್ರು ನೋಡು," ಎಂದ. ಇನ್ನೊಬ್ಬ ಕರವಸ್ತ್ರ ಬಾಯಿಗಿಟ್ಟುಕೊಂಡು ಅತ್ತಂತೆ ನಕ್ಕ.

ಮನೆ ಖಾಲಿಯಾದ ಮೇಲೆ ರಸಿಕರಿಗೆ ಒಂದು ಸತ್ಯ ಹೊಳೆಯಿತು. ಆಕೆಯ ಧ್ವನಿ ಬೇರೆಲ್ಲೂ ಉಳಿದಿರಲಿಲ್ಲ. ಮೊಬೈಲು ಹಿಡಿದರೆ ಆಕೆ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು, "ಒಂದ್ಸಲ ಸಿಕ್ಕಿಬಿದ್ದಿದ್ದೇ ಸಾಕು," ಎನ್ನುತ್ತಿದ್ದರು. ಉಳಿದದ್ದು ರೆಕಾರ್ಡಿನೊಳಗಿನ ಆ ಒಂದೂವರೆ ಮಾತು ಮಾತ್ರ. ದಿನಾ ಸಂಜೆ ಪ್ಲೇಟು ಹಾಕುವರು. "ಏಳ್ರೀ... ಹೋಗ್..." ಮುಳ್ಳು ಎತ್ತುವರು, ಹಿಂದಿಡುವರು. ಜೋಕು ಹೇಳಲು ಎದುರಿಗೆ ಯಾರೂ ಇಲ್ಲ. ಹೇಳದೆಯೇ ಮತ್ತೆ ಮುಳ್ಳು ಎತ್ತುವರು.

ಹೀಗಿರುವಾಗ ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ಸುದ್ದಿ ಬಂತು. "'ಗೋದಾಮು' ಮರುಬಿಡುಗಡೆ! ಅನಗತ್ಯ ಸದ್ದುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಅಳಿಸಿ, ಹೊಚ್ಚಹೊಸ ರೂಪದಲ್ಲಿ!"

ರಸಿಕರು ಪತ್ರಿಕೆ ಹಿಡಿದುಕೊಂಡೇ ಎದ್ದರು. ತಮ್ಮ ಭಾವಮೈದನಿಗೆ, ಅಂದರೆ ಹೆಂಡತಿಯ ತಮ್ಮನಿಗೆ, ಫೋನು ಮಾಡಿದರು. ಈತ ವಿಮೆ ಏಜೆಂಟು. ಯಾರು ಅತ್ತರೂ ಮೊದಲು ಪಾಲಿಸಿ ಇತ್ತೇ ಎಂದು ಕೇಳುವ ವೃತ್ತಿಧರ್ಮದವನು.

"ಲೋ, ಅವಳನ್ನ ಅಳಿಸ್ತಾರಂತೆ ಕಣೋ!"

"ಯಾರನ್ನ ಭಾವ?"

"ನಿಮ್ಮಕ್ಕನ್ನ!"

"ಭಾವ, ಅಕ್ಕ ಹೋಗಿ ವರ್ಷ ಆಗ್ತಾ ಬಂತು. ಇದ್ದಾಗ ಅಳಿಸಿದ್ದು ಸಾಲ್ದಾ? ಈಗ ಯಾರು ಅಳಿಸೋದು?"

"ಕಂಪನಿಯೋರು! ಕಂಪ್ಯೂಟರಲ್ಲಿ!"

ನಮ್ಮ ಭಾಷೆಯ ಮಹಿಮೆ ನೋಡಿ. ಬರೆದದ್ದನ್ನು ಒರೆಸಿಹಾಕುವುದಕ್ಕೂ ಮನುಷ್ಯರ ಕಣ್ಣಲ್ಲಿ ನೀರು ತರಿಸುವುದಕ್ಕೂ ಒಂದೇ ಮಾತು. ಭಾವಮೈದನಿಗೆ ಕೇಳಿಸಿದ್ದು ಎರಡನೆಯದು. ಭಾವನಿಗೆ ತಲೆ ಕೆಟ್ಟಿತೆಂದು ನಿರ್ಧರಿಸಿ, ಕೈಗೆ ಸಿಕ್ಕ ಚಪ್ಪಲಿ ಮೆಟ್ಟಿ ಓಡಿಬಂದ. ಮೆಟ್ಟಿಲ ಹತ್ತಿರ ಕೆಳಗಿನ ಮನೆಯ ವಾರ್ಡರು ಸಿಕ್ಕರು. ಜೈಲಿನಲ್ಲಿ ನೌಕರಿ ಮುಗಿಸಿ ಬಂದು, ಈಗ ಮನೆಯವರನ್ನು ದಿನಕ್ಕೆರಡು ಸಲ ಹಾಜರಿ ಕರೆಯುವ ಮನುಷ್ಯ.

"ಏನಂತೆ ಮೇಲೆ, ಕೂಗಾಟ?"

"ಅದೇನೋ ಗೋದಾಮು ಮರುಬಿಡುಗಡೆ ಆಗ್ತಿದೆಯಂತೆ. ಅಕ್ಕನ್ನ ಅಳಿಸ್ತಾರೆ ಅಂತ ಬಡ್ಕೋತಿದಾರೆ."

ವಾರ್ಡರ ಕಿವಿ ನೆಟ್ಟಗಾಯಿತು. "ಗೋದಾಮಿನ ಕೇಸಾ? ಎಷ್ಟು ವರ್ಷದ್ದು?"

"ನಲವತ್ತು ವರ್ಷದ ಹಿಂದಿನದು."

"ಜೀವಾವಧಿ. ಸನ್ನಡತೆ ಮೇಲೆ ಬಿಟ್ಟಿರ್ತಾರೆ. ಆದ್ರೆ ಮರುಬಿಡುಗಡೆ ಅಂದ್ರೆ, ಒಂದ್ಸಲ ಬಿಟ್ಟು, ಮತ್ತೆ ಒಳಗ್ಹಾಕಿ, ಮತ್ತೆ ಬಿಡೋದು. ಅಂಥೋನು ಭಾರೀ ಖದೀಮ ಇರ್ಬೇಕು."

ಸಂಜೆಯೊಳಗೆ ಬೀದಿಗೆಲ್ಲ ವಿಷಯ ತಿಳಿಯಿತು. ಹಿಂದೆ ಯಾವುದೋ ಗೋದಾಮಿನಲ್ಲಿ ರಸಿಕರ ಹೆಂಡತಿಗೆ ಕೇಡು ಬಗೆದಿದ್ದ ಖದೀಮನೊಬ್ಬ ಜೈಲಿನಿಂದ ಹೊರಗೆ ಬರುತ್ತಿದ್ದಾನೆ. ಪಾಪ, ಹೆಂಗಸು ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೊರಗಿ ಸತ್ತಳು. ಇಸ್ತ್ರಿ ಅಂಗಡಿಯವನು ಆ ಖದೀಮನನ್ನು ಬಸ್ ನಿಲ್ದಾಣದಲ್ಲಿ ಕಣ್ಣಾರೆ ಕಂಡದ್ದೂ ಆಯಿತು. ಕಾಜಾದಕ್ಕ ಒಬ್ಬರು ಮಾತ್ರ ಬೀದಿಯಲ್ಲಿ ನಿಂತು ಎಲ್ಲರನ್ನೂ ಉಗಿದರು. ಈಕೆ ರಸಿಕರ ಹೆಂಡತಿ ಹೊಲಿದ ಬಟ್ಟೆಗಳಿಗೆಲ್ಲ ಕಾಜಾ ಹಾಕಿ ಗುಂಡಿ ಹೊಲಿಯುತ್ತಿದ್ದವರು. ಹಗಲೆಲ್ಲ ಇಬ್ಬರೂ ಅದೇ ಮುಂದಿನ ಕೋಣೆಯಲ್ಲಿ ಜೊತೆಗೆ ಕೂತವರು.

"ಇದ್ದಾಗ ಹೋಗೋಣಮ್ಮ ಅಂತ ಆಡ್ಕೊಂಡ್ರಿ. ಸತ್ತ ಮೇಲೂ ಬಿಡಲ್ವೇನ್ರೋ? ನಿಮ್ಮ ಬಾಯಿಗೂ ಒಂದೊಂದು ಕಾಜಾ ಹಾಕಿ ಗುಂಡಿ ಹೊಲೀಬೇಕು!"

ರಸಿಕರು ಇದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ದಿನ ಕೂತು ಅರ್ಜಿ ಬರೆದರು. ಭಾವಮೈದನನ್ನು ಎಳೆದುಕೊಂಡು ರೆಕಾರ್ಡು ಕಂಪನಿಯ ಕಚೇರಿಗೆ ಹೋದರು. ಗಾಜಿನ ಕೋಣೆಯಲ್ಲಿ, ಗಾಜಿನ ಮೇಜಿನ ಹಿಂದೆ ಕೂತಿದ್ದ ಮ್ಯಾನೇಜರು ಅರ್ಜಿ ಬಿಡಿಸಿದ. ಅದರ ಮೊದಲ ಸಾಲು: "ದಯವಿಟ್ಟು ನನ್ನ ಹೆಂಡತಿಯನ್ನು ಅಳಿಸಬೇಡಿ."

ಮ್ಯಾನೇಜರು ಕುರ್ಚಿಯಲ್ಲಿ ನೆಟ್ಟಗೆ ಕೂತ. ಎದ್ದು ಬಾಗಿಲು ಹಾಕಿ ಬಂದ.

"ಸಾರ್, ಇಂಥ ವಿಷಯಾನ ನಾವು ಹಗುರವಾಗಿ ತಗೊಳಲ್ಲ. ಹೆಣ್ಣುಮಕ್ಕಳ ದೂರಿಗೆ ನಮ್ಮಲ್ಲಿ ಬೇರೆ ಕಮಿಟಿನೇ ಇದೆ. ನಿಮ್ಮ ಮನೆಯೋರು ಯಾವ ವಿಭಾಗದಲ್ಲಿದಾರೆ?"

"ಎರಡನೇ ಬದಿಯಲ್ಲಿ. ಮೂರನೇ ಹಾಡಲ್ಲಿ."

"ಹಾಡೋರಾ? ಅಳಿಸಿದ್ದು ಯಾರು?"

"ಇನ್ನೂ ಅಳಿಸಿಲ್ಲ. ಮುಂದಿನ ತಿಂಗಳು ಅಳಿಸ್ತೀರಂತಲ್ಲ! ಪೇಪರಲ್ಲೇ ಹಾಕಿದೀರಿ!"

"ಪೇಪರಲ್ಲಾ?" ಮ್ಯಾನೇಜರು ಬೆವರು ಒರೆಸಿಕೊಂಡ. "ಸಾರ್, ಮೊದಲು ಅವರನ್ನೇ ಕರ್ಕೊಂಡು ಬನ್ನಿ. ಕೂತು ಮಾತಾಡೋಣ."

"ಸತ್ತುಹೋಗಿದಾಳೆ," ಎಂದರು ರಸಿಕರು.

ಮ್ಯಾನೇಜರು ಕೈಗೆತ್ತಿಕೊಂಡ ನೀರಿನ ಲೋಟವನ್ನು ಹಾಗೆಯೇ ಕೆಳಗಿಟ್ಟ. ಪಾಲಿಸಿಯ ಮಾತು ಈಗ ಬಂದೀತೆಂದು ಭಾವಮೈದ ಮುಂದಕ್ಕೆ ಬಾಗಿದ. ಕೊನೆಗೆ ವಿಷಯ ಬಿಡಿಸಿ ಹೇಳಬೇಕಾದರೆ ಮೂವರಿಗೂ ಗಂಟಲು ಒಣಗಿತು. ಬಿಡಿಸಿ ಹೇಳಿದ ಮೇಲೆ ಮ್ಯಾನೇಜರಿಗೆ ಹೋದ ಜೀವ ಬಂದಂತಾಯಿತು. ಜೀವದ ಹಿಂದೆಯೇ ಒಂದು ವ್ಯಾಪಾರದ ಯೋಚನೆಯೂ ಬಂತು. ಸದ್ದು ತೊಳೆಯುವ ಹುಡುಗಿಯನ್ನು ಕರೆಸಿದ. ಹಳೆಯ ಟೇಪುಗಳ ಕೊಳೆ ತೆಗೆದು ಹೊಸತು ಮಾಡುವ ಕೆಲಸ ಆಕೆಯದು. ಹೆಡ್‌ಫೋನನ್ನು ಕೊರಳಿಗೆ ಇಳಿಬಿಟ್ಟುಕೊಂಡು ಬಂದು ನಿಂತಳು.

"ಇವರು ಆ 'ಏಳ್ರೀ' ಅನ್ನೋ ಹೆಂಗಸಿನ ಯಜಮಾನ್ರಂತೆ," ಎಂದ ಮ್ಯಾನೇಜರು.

ಹುಡುಗಿಯ ಕಣ್ಣು ಅರಳಿತು. ರಸಿಕರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನೋಟ ಯಾಕೋ ಮೂಗಿನ ಹತ್ತಿರ ಬಂದು ನಿಂತಿತು. "ಓ... ಅವತ್ತು ಅವರ ಪಕ್ಕದಲ್ಲಿದ್ದೋರು ನೀವೇನಾ?"

"ನಾನೇ!"

"ಸಾರ್, ಆ ಮಾತನ್ನ ನೀವು ಪೂರ್ತಿ ಕೇಳಿದೀರಾ?"

"ನಲವತ್ತು ವರ್ಷದಿಂದ ಕೇಳ್ತಿದೀನಮ್ಮ."

"ಹಾಗಲ್ಲ, ಮೂಲ ಟೇಪಲ್ಲಿ..."

"ಮೂಲ ಟೇಪಿನ ಮಾತು ನನ್ನ ಹತ್ರ ಆಡ್ಬೇಡ. ನಾನೇ ಮೂಲ. ಒಂದು ಕಣ ಅಳಿಸಿದ್ರೂ ಕೋರ್ಟಿಗೆ ಹೋಗ್ತೀನಿ."

"ಅವರ ಮಾತು ಇಟ್ಕೊಳೋಣ ಸಾರ್. ಆದ್ರೆ ಅದರ ಕೆಳಗೊಂದು ಗುರ್ ಗುರ್ ಇದೆಯಲ್ಲ, ಅದನ್ನ ತೆಗೆದುಬಿಡೋದು ನಿಮಗೇ ಒಳ್ಳೇದು."

ರಸಿಕರು ಎದ್ದು ನಿಂತರು. "ಗುರ್ ಗುರ್ ತೆಗೀತಾಳಂತೆ! ಲೇ, ಕೇಳಿಸ್ಕೊಂಡ್ಯಾ? ಅಮ್ಮಾ, ಅದು ಆ ಹಾಡಿನ ಆತ್ಮ! ವಿಮರ್ಶಕರು ಅದರ ಮೇಲೆ ಪುಟಗಟ್ಟಲೆ ಬರೆದಿದಾರೆ! ದುಡಿಯೋ ಜನದ ಒಡಲ ಸಂಕಟ ಅಂದಿದಾರೆ!"

"ಸಾರ್, ಅದು ಗಿಟಾರಲ್ಲ, ಅದು ಒಬ್ಬರು..."

"ನಿನ್ನ ವಯಸ್ಸಿಗಿಂತ ಜಾಸ್ತಿ ನನ್ನ ಅನುಭವ ಇದೆ!"

ಹುಡುಗಿ ಮ್ಯಾನೇಜರನ್ನು ನೋಡಿದಳು. ಮ್ಯಾನೇಜರು ಅಂದ: "ಅವರ ಇಷ್ಟ. ಅಳಿಸೋದು ಬೇಡ. ಇನ್ನೂ ಎತ್ತಿ ಸ್ಪಷ್ಟ ಮಾಡು. ಸಾರ್, ಬಿಡುಗಡೆ ಸಮಾರಂಭ ಅದೇ ಗೋದಾಮಲ್ಲಿ. ನೀವೇ ಮುಖ್ಯ ಅತಿಥಿ." ಮೈಮೇಲೆ ಇರುವೆ ಬಿಟ್ಟುಕೊಳ್ಳುವುದಕ್ಕೆ ಜನ ಇರುವೆ ಗೂಡನ್ನು ಹುಡುಕಿಕೊಂಡು ಹೋಗುತ್ತಾರೆ. ರಸಿಕರು ಆ ಇರುವೆಗಳಿಗೆ ಅರ್ಜಿ ಕೊಟ್ಟು, ಧನ್ಯವಾದ ಹೇಳಿ ಮನೆಗೆ ಬಂದರು.

ಸಮಾರಂಭಕ್ಕೆ ಬೀದಿಗೆ ಬೀದಿಯೇ ಹೊರಟಿತು. ಖದೀಮ ಕೊನೆಗೂ ಬರುತ್ತಾನೋ ಇಲ್ಲವೋ ನೋಡಲು ವಾರ್ಡರು ಹಳೆಯ ಲಾಠಿ ಹಿಡಿದು ಬಂದರು. ರಸಿಕರು ಭಾವಮೈದನ ಕೋಟು ತೊಟ್ಟಿದ್ದರು. ತೋಳು ಗಿಡ್ಡ, ಹೊಟ್ಟೆಯ ಹತ್ತಿರ ಗುಂಡಿ ಹತ್ತದು. ಹೆಂಡತಿ ಇದ್ದಿದ್ದರೆ ಒಂದು ಗಳಿಗೆಯಲ್ಲಿ ಬಿಚ್ಚಿ ಸರಿಮಾಡುತ್ತಿದ್ದರು ಎಂದು ಹೊರಡುವಾಗ ಕನ್ನಡಿಯ ಮುಂದೆ ಅನ್ನಿಸಿತು. ಮುಂದಿನ ಕೋಣೆಯ ಯಂತ್ರದ ಕಡೆ ನೋಡದೆ ಬಾಗಿಲು ಎಳೆದುಕೊಂಡು ಬಂದಿದ್ದರು.

ಗೋದಾಮು ಹಾಗೆಯೇ ಇತ್ತು. ಅದೇ ಕಬ್ಬಿಣದ ಕಂಬಗಳು, ಅದೇ ಎತ್ತರದ ತಗಡಿನ ಚಾವಣಿ. ಅಲಂಕಾರಕ್ಕೆಂದು ಮೂಲೆಯಲ್ಲಿ ಹಳೆಯ ತಕ್ಕಡಿಯನ್ನೂ ಉಳಿಸಿಕೊಂಡಿದ್ದರು. ರಸಿಕರು ಹತ್ತಿರ ಹೋಗಿ ತಾವು ಒತ್ತಿದ್ದ ಮುದ್ರೆ ಹುಡುಕಿದರು; ತುಕ್ಕು ಹಿಡಿದು ಏನೂ ಕಾಣಲಿಲ್ಲ. ಮುಂದಿನ ಸಾಲಿನಲ್ಲಿ ಒಂದು ಪಕ್ಕ ಭಾವಮೈದ, ಇನ್ನೊಂದು ಪಕ್ಕ ಕಾಜಾದಕ್ಕ.

ಮೊದಲು ಮ್ಯಾನೇಜರು ಮಾತಾಡಿದ. ಆಮೇಲೆ ರಸಿಕರು ವೇದಿಕೆ ಹತ್ತಿದರು. ಜೀವಮಾನವಿಡೀ ಮನೆಯ ಮುಂದಿನ ಕೋಣೆಯಲ್ಲಿ ಮಾಡಿದ ಭಾಷಣಕ್ಕೆ ಇಂದು ಧ್ವನಿವರ್ಧಕ ಸಿಕ್ಕಿತ್ತು.

"ಸ್ನೇಹಿತರೇ, ಅವತ್ತು ಇದೇ ಜಾಗದಲ್ಲಿ ನಾನು ಕಣ್ಣು ಮುಚ್ಚಿ, ಮೈಮರೆತು ಕೂತಿದ್ದೆ. ಪ್ರಪಂಚದ ಪರಿವೆ ಇರಲಿಲ್ಲ." ಚಪ್ಪಾಳೆ. "ನೀವೀಗ ಕೇಳೋ ಆ ಗುರ್ ಗುರ್ ಇದೆಯಲ್ಲ, ಅದು ದಣಿದ ಮನುಷ್ಯನ ಎದೆಯಾಳದಿಂದ ಬಂದದ್ದು. ಅದರ ಹಿಂದೆ ದೊಡ್ಡ ಸಾಧನೆ ಇದೆ." ಇನ್ನೂ ಚಪ್ಪಾಳೆ. ಸದ್ದು ತೊಳೆಯುವ ಹುಡುಗಿ ಯಂತ್ರಗಳ ಹಿಂದೆ ತಲೆ ತಗ್ಗಿಸಿದಳು. "ಆ ಹೊತ್ತಲ್ಲಿ ನನ್ನ ಮನೆಯೋಳು ಅಂದಳು, 'ಏಳ್ರೀ, ಹೋಗೋಣ!' ಕೋಣನ ಮುಂದೆ ಕಿನ್ನರಿ! ಆದ್ರೂ ಅವಳನ್ನ ಅಳಿಸಬೇಡಿ ಅಂತ ನಾನೇ ಕೇಳ್ಕೊಂಡೆ. ಯಾಕಂದ್ರೆ..." ಮುಂದಿನ ಮಾತು ಬರೆದುಕೊಂಡು ಬಂದಿದ್ದರು. ಆದರೆ ಚೀಟಿ ಮಡಿಸಿ ಜೇಬಿಗಿಟ್ಟರು. "ಯಾಕಂದ್ರೆ ನನ್ನ ಹತ್ರ ಬೇರೆ ಏನೂ ಇಲ್ಲ," ಎಂದು ಕೆಳಗಿಳಿದು ಬಂದುಬಿಟ್ಟರು.

ದೀಪ ತಗ್ಗಿತು. ಗಿಟಾರು ಹೊರಟಿತು. ಹೊಸ ಪ್ಲೇಟಿನಲ್ಲಿ ಅದು ಎದುರಿಗೇ ಕೂತು ನುಡಿಸಿದ ಹಾಗೆ ಕೇಳುತ್ತಿತ್ತು. ತಂತಿಯ ಮೇಲೆ ಬೆರಳು ಜಾರಿದ್ದೂ ಕೇಳಿಸಿತು. ಆಮೇಲೆ ಅದು ನಿಂತಿತು. ಆ ಮೌನದೊಳಗೆ, ತೊಳೆದು ಒರೆಸಿ ಎತ್ತಿ ಹಿಡಿದ ಗುರ್ ಗುರ್, ಗೋದಾಮಿನ ಚಾವಣಿಯ ತಗಡು ನಡುಗುವಂತೆ ಕೇಳಿಬಂತು.

ಅದು ಗೊರಕೆ.

ಅನುಮಾನಕ್ಕೆ ಎಡೆಯೇ ಇಲ್ಲದ, ಹೊಟ್ಟೆ ತುಂಬಿದ ಗೊರಕೆ. ಮೇಲೇರುವಾಗ ಗುರ್, ಇಳಿಯುವಾಗ ತುಟಿಯ ತುದಿಯಲ್ಲಿ ಪುಸ್. ನಡುವೆ ಒಮ್ಮೆ ಉಸಿರು ಕಟ್ಟಿ, ಬಾಯಿ ಚಪ್ಪರಿಸಿದ ಸದ್ದು ಸಹ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ರಸಿಕರ ಕೈ ತಾನೇ ತಾನಾಗಿ ಮೂಗಿಗೆ ಹೋಯಿತು.

"ಇದು ನಮ್ಮ ಮೇಲ್ಮನೆ ಸದ್ದು!" ಎಂದು ವಾರ್ಡರು ಕತ್ತಲಲ್ಲಿ ಗುರುತು ಹಿಡಿದರು. "ದಿನಾ ಕೇಳ್ತೀನಲ್ಲ!"

ಅಷ್ಟು ಹೊತ್ತಿಗೆ ಆಕೆಯ ಧ್ವನಿ ಬಂತು. ಸರಬರವೆಲ್ಲ ಹೋಗಿ, ಹೊಸ ಮದುವಣಗಿತ್ತಿಯ ಎಳೆಯ ಧ್ವನಿ, ಪಕ್ಕದ ಕುರ್ಚಿಯಿಂದಲೇ ಬಂದಷ್ಟು ಹತ್ತಿರ.

"ಏಳ್ರೀ... ಎಷ್ಟು ಚೆನ್ನಾಗಿದೆ... ಹೋಗ್ಬಿಡುತ್ತೆ, ಏಳ್ರೀ."

'ಹೋಗ್' ಎಂಬಲ್ಲೇ ಡ್ರಮ್ಮು ಬಿದ್ದಿತ್ತು, ಈ ಸಲ ಅದು ಮಾತನ್ನು ಮುಚ್ಚಲಿಲ್ಲ. ಅದರ ಜೊತೆಗೇ ಸಭೆಯ ನಗು ಸಿಡಿಯಿತು. ಕಂಬಕ್ಕೆ ಒರಗಿ ನಕ್ಕವರು, ಹೊಟ್ಟೆ ಹಿಡಿದು ಬಗ್ಗಿದವರು. ಒಡಲ ಸಂಕಟದ ಬಗ್ಗೆ ಪುಟಗಟ್ಟಲೆ ಬರೆದಿದ್ದ ವಿಮರ್ಶಕರೊಬ್ಬರು ಹಿಂದಿನ ಬಾಗಿಲಿನಿಂದ ಮೆಲ್ಲನೆ ಹೊರಗೆ ನಡೆದರು. ನೆಂಟರ ಸಾಲಿನಲ್ಲಿ ಮಾತ್ರ ಕೆಲವರ ನಗು ಅರ್ಧಕ್ಕೇ ನಿಂತಿತು. ಹೋಗೋಣಮ್ಮ ಹೋಗೋಣ ಎಂದಿರಲೇ ಇಲ್ಲವಲ್ಲ ಎಂಬುದು ಅವರಿಗೆ ಹೊಳೆದಿರಬೇಕು.

ರಸಿಕರ ಬಲಗೈ ಗಾಳಿಯಲ್ಲಿ ಎದ್ದಿತ್ತು. ಮುಳ್ಳು ಎತ್ತುವ ಕೈ ಅದು. ಎತ್ತುವುದಕ್ಕೆ ಎದುರಿಗೆ ಏನೂ ಇರಲಿಲ್ಲ. ಏಳು ಎಂದರೆ ಎದ್ದು ನಡೆ ಎಂದು ಮಾತ್ರ ಅರ್ಥವೇ? ಎಚ್ಚರವಾಗು ಎಂದೂ ಅಲ್ಲವೇ? ಇಷ್ಟು ವರ್ಷದಲ್ಲಿ ಒಮ್ಮೆಯೂ ಅದು ತೋಚಿರಲಿಲ್ಲ. ಬಂದವರ ಮುಂದೆ "ಹೇಳು, ಇವರೂ ಕೇಳ್ಲಿ" ಎಂದಾಗ ಆಕೆ ಹೇಳಿದ್ದರೆ, ಗಂಡ ಮಲಗಿದ್ದ ಎಂದು ಹೇಳಬೇಕಾಗುತ್ತಿತ್ತು. ಅದಕ್ಕೆ ಮರೆತುಹೋಯ್ತು ಎಂದರು. ಗಂಡನ ಮರ್ಯಾದೆಗೆ ಹೊಲಿಗೆ ಹಾಕಿ, ದಾರ ಕಚ್ಚಿ, ತಾವೇ ಕೋಣವಾದರು.

ಹಾಡು ನಿಲ್ಲಲಿಲ್ಲ. ಮುಳ್ಳು ಎತ್ತುವವರಿಲ್ಲದೆ ಮುಂದಕ್ಕೆ ಹೋಯಿತು. ರಸಿಕರು ಎಂದೂ ಕೇಳದಿದ್ದ ಭಾಗ ಅದು. ಗಿಟಾರು ನಿಧಾನವಾಗಿ ಮೆಟ್ಟಿಲು ಹತ್ತಿತು. ಮೇಲಿನ ಮೆಟ್ಟಿಲಲ್ಲಿ ನಿಂತಿತು. ಏನೋ ಮರೆತವರ ಹಾಗೆ ಮತ್ತೆ ಕೆಳಗಿಳಿದು ಬಂತು.

ರಸಿಕರ ಕೈ ತೊಡೆಯ ಮೇಲೆ ಬಿತ್ತು. "ಇದು... ಇದು ಅವಳು ಗುನುಗ್ತಿದ್ದಿದ್ದು," ಎಂದರು.

ಕಾಜಾದಕ್ಕ ತಿರುಗಿ ನೋಡಿದರು. "ಇದೇ ತಾನೇ. ನೀವು ಆಫೀಸಿಗೆ ಹೋದ್ಮೇಲೆ ದಿನಾ ಹಾಕೋರು. ಹೊಲೀತಾ ಕೇಳೋರು. ನೀವು ರಿಟೈರ್ ಆದ್ಮೇಲೆ, ಮಧ್ಯಾಹ್ನ ನೀವು ಮಲಗಿದ್ದಾಗ, ಸಣ್ಣಗೆ ಇಟ್ಕೊಂಡು ಕೇಳೋರು. ನಿಮಗೆ ಗೊತ್ತಿರ್ಲಿಲ್ವಾ?"

ರಸಿಕರಿಗೆ ಗೊತ್ತಿರಲಿಲ್ಲ. ಕಳಪೆ ಮಾಲೆಂದು ತೀರ್ಮಾನಿಸಿದ್ದ ಆ ಬೂದಿ ಬಣ್ಣದ ಗೆರೆಗಳು ನೆನಪಾದವು. ಕ್ಷಮಿಸು ಎನ್ನೋಣವೆಂದರೆ ಕೇಳಿಸಿಕೊಳ್ಳುವ ಜೀವವೇ ಇಲ್ಲ; ಇರುವುದು ಧ್ವನಿ ಮಾತ್ರ, ಅದು ಹೇಳುತ್ತದೆಯೇ ಹೊರತು ಕೇಳುವುದಿಲ್ಲ. ಭಾವಮೈದನ ಬಿಗಿಯಾದ ಕೋಟಿನೊಳಗೆ ಅವರ ಹೊಟ್ಟೆ ಅದುರಿ ಅದುರಿ, ಇದ್ದೊಂದು ಗುಂಡಿಯೂ ಕಿತ್ತು ನೆಲದಲ್ಲಿ ಉರುಳಿಹೋಯಿತು. ಗಟ್ಟಿಯಾಗಿಯೇ ಅತ್ತರು. ಮ್ಯಾನೇಜರು ಗಾಬರಿಯಿಂದ ಬಗ್ಗಿ ಓಡಿಬಂದ.

"ಏನಾಯ್ತು ಸಾರ್? ಏನಾದ್ರೂ ತಪ್ಪಾಯ್ತಾ?"

"ಅಳಿಸಬೇಡಿ ಅಂತ ಬರೆದುಕೊಟ್ಟಿದ್ರಲ್ರೀ," ಎಂದ ಭಾವಮೈದ. ಅವನ ಮುಖವೂ ಒದ್ದೆಯಾಗಿತ್ತು. ಹಿಂದಿನ ಸಾಲುಗಳಲ್ಲಿ ಇನ್ನೂ ಕಿಸಿಕಿಸಿ ನಡೆದಿತ್ತು. ಯಾರೋ ಗೊರಕೆಯ ಅಣಕ ಮಾಡಿದರು. ಅವನು ಭಾವನ ತೋಳು ಹಿಡಿದು ಎತ್ತಲು ನೋಡಿದ.

"ಏಳಿ ಭಾವ, ಹೋಗೋಣ."

ರಸಿಕರು ತೋಳು ಬಿಡಿಸಿಕೊಂಡರು. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸುವುದಕ್ಕಾದರೂ ಕಣ್ಣು ಮುಚ್ಚಲಿಲ್ಲ.

"ಕೂತ್ಕೊಳೋ," ಎಂದರು. "ಹೋಗ್ಬಿಡುತ್ತೆ."